ನಾಲ್ಕು ಅಡುಗೆ, ನಾಲ್ಕು ಬಾಟಲಿ, ಒಬ್ಬ ನಾನು

ಗಂಡಸರು ಅಡುಗೆಮನೆ ಕಡೆ ತಲೆ ಹಾಕುವುದಿಲ್ಲ ಎಂದು ದೂರುವ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಲೆ ಹಾಕಿದವನ ತಲೆ ಏನಾಯಿತು ಎಂದು ವಿಚಾರಿಸಿದವರನ್ನು ಮಾತ್ರ ಒಬ್ಬರನ್ನೂ ನೋಡಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ. ಪೂರ್ತಿ ಕೇಳಿ, ತಪ್ಪು ಯಾರದೆಂದು ನೀವೇ ಹೇಳಿ. (ನನ್ನದೇ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆ ತೀರ್ಪು ನನಗೆ ಮನೆಯಲ್ಲೇ ಮೂರು ಹೊತ್ತೂ ಸಿಗುತ್ತದೆ.)

ನಾನು ರೈಲ್ವೆ ಕಚೇರಿಯ ವೇಳಾಪಟ್ಟಿ ವಿಭಾಗದವನು. ಯಾವ ಗಾಡಿ ಯಾವ ನಿಲ್ದಾಣದಲ್ಲಿ ನಿಂತು ಯಾವ ಗಾಡಿಗೆ ದಾರಿ ಬಿಡಬೇಕೆಂದು ಇಪ್ಪತ್ತಾರು ವರ್ಷದಿಂದ ಗೆರೆ ಎಳೆಯುತ್ತಿದ್ದೇನೆ. ನಾನು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಬಗ್ಗಿಸಿದರೆ ಎಂಟುನೂರು ಜನ ಸೇತುವೆಯ ಆಚೆ ಹನ್ನೊಂದು ನಿಮಿಷ ಕೂತು ಕಿಟಕಿಯಾಚೆ ನೋಡುತ್ತಾರೆ. ಮನೆಯಲ್ಲಿ ನನ್ನ ಮಾತಿಗೆ ಬೆಕ್ಕು ಕೂಡ ನಿಲ್ಲುವುದಿಲ್ಲ. ನನ್ನವಳು ಮೂಳೆ ಆಸ್ಪತ್ರೆಯಲ್ಲಿ ನರ್ಸ್. ಕಾಲು ಮುರಿದವರನ್ನೇ ಮೂರನೆಯ ದಿನಕ್ಕೆ ಎಬ್ಬಿಸಿ ನಡೆಸುವವಳು, ಎರಡು ಕಾಲೂ ನೆಟ್ಟಗಿರುವ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಾಳೆಯೇ?

ಹೋದ ವರ್ಷ ಅವಳ ವಾರ್ಡಿಗೆ ಸೊಂಟದ ಮೂಳೆ ಮುರಿದುಕೊಂಡ ಇಟಲಿಯ ಅಜ್ಜಿಯೊಬ್ಬರು ಬಂದರು. ಮೂರು ತಿಂಗಳು ಮಲಗಿದ್ದರು. ಮಲಗಿದಲ್ಲೇ ಇವಳಿಗೆ ತಮ್ಮ ಮನೆಯ ನಾಲ್ಕು ಅಡುಗೆ ಹೇಳಿಕೊಟ್ಟರು. ಬೆಳ್ಳುಳ್ಳಿ ಮತ್ತು ಆಲಿವ್ ಎಣ್ಣೆಯ ಪಾಸ್ತಾ, ಬಿಳಿ ಬೀನ್ಸ್ ಕಾಳಿನ ಸೂಪು, ಅಣಬೆ ಹಾಕಿ ಮೆತ್ತಗೆ ಬೇಯಿಸುವ ರಿಸೊಟ್ಟೊ ಎಂಬ ಅನ್ನ, ಹೊಟ್ಟೆಯೊಳಗೆ ನಿಂಬೆಹಣ್ಣು ಇಟ್ಟು ಓವನ್ನಿನಲ್ಲಿ ಸುಡುವ ಕೋಳಿ. ಅಜ್ಜಿ ಕೋಲು ಹಿಡಿದು ನಡೆದು ಮನೆಗೆ ಹೋದರು. ಅಡುಗೆ ನಮ್ಮ ಮನೆಯಲ್ಲಿ ಉಳಿಯಿತು. ಸುಳ್ಳು ಯಾಕೆ ಹೇಳಲಿ, ರುಚಿಯೆಂದರೆ ರುಚಿ. ಅತ್ತೆಯವರು (ಇವಳ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ, ನಾವು ಅವರ ಜೊತೆ ಇದ್ದೇವೆ ಎಂದರೂ ತಪ್ಪಲ್ಲ) ಹಲ್ಲು ನೋವಿನ ದಿನವೂ ಎರಡನೆಯ ಸಲ ತಟ್ಟೆ ಚಾಚುತ್ತಿದ್ದರು.

ನನಗೆ ಇದ್ದ ಕೊರಗು ಒಂದೇ. ಇಂಥ ಅಡುಗೆಯ ಪಕ್ಕದಲ್ಲಿ ನಾವು ನಲ್ಲಿ ನೀರು ಇಟ್ಟುಕೊಂಡು ಕೂರುತ್ತಿದ್ದೆವು. ಅಷ್ಟರಲ್ಲಿ ಗ್ರಂಥಾಲಯದವರು ಹಳೆಯ ಪುಸ್ತಕಗಳನ್ನು ಹೊರಗೆ ಹಾಕಿದ ರಾಶಿಯಲ್ಲಿ, ಯಾವ ಊಟಕ್ಕೆ ಯಾವ ವೈನ್ ಎಂಬ ಗ್ರಂಥ ಸಿಕ್ಕಿತು. ಹನ್ನೊಂದು ದಿನ ಓದಿದೆ. ಕಣ್ಣು ತೆರೆಯಿತು. ಗಾಡಿಗಳಿಗೆ ಇರುವ ಹಾಗೆಯೇ ವೈನಿಗೂ ಊಟಕ್ಕೂ ಕೂಡುನಿಲ್ದಾಣಗಳಿವೆ! ಹುಳಿಯ ಜೊತೆ ಹುಳಿ ಹೋಗಬೇಕು. ಒಗರಿಗೆ ಜಿಡ್ಡು ಸಿಗಬೇಕು. ಅಣಬೆಗೆ ಮಣ್ಣಿನ ವಾಸನೆಯ ಹಳೆಯ ಕೆಂಪು, ಬೆಳ್ಳುಳ್ಳಿಗೆ ತೆಳ್ಳನೆಯ ಚುರುಕು ಬಿಳಿ. ತಪ್ಪಿದರೆ ಡಿಕ್ಕಿ.

"ಕೇಳಿದೆಯೇನೇ? ವೈನಿಗೆ ಮೈ ಇರುತ್ತಂತೆ, ಮೂಗಿರುತ್ತಂತೆ, ಲೋಟದ ಒಳಗಡೆ ಇಳಿಯೋದಕ್ಕೆ ಕಾಲೂ ಇರುತ್ತಂತೆ" ಎಂದೆ.

"ಅಷ್ಟೆಲ್ಲ ಇದ್ದರೆ ಹೋಗಿ ಕಸ ಹಾಕಿ ಬರೋಕೆ ಹೇಳಿ. ನಿಮಗೆ ನೆನ್ನೆಯಿಂದ ಹೇಳ್ತಾ ಇದೀನಿ."

"ನಿಮ್ಮ ಅಜ್ಜಿ ವೈನ್ ಬಗ್ಗೆ ಏನೂ ಹೇಳಲಿಲ್ಲವೇ?"

"ಹೇಳಿದರು. ಮನೇಲಿ ಇದ್ದದ್ದು ಕುಡಿ ಅಂದರು."

ಇಂಥವರ ನಡುವೆ ನನ್ನ ವಿದ್ವತ್ತು ಬೆಳೆಯಬೇಕಿತ್ತು.

ಆ ವಾರವೇ ಮಗಳು ಬಂದು ಸುದ್ದಿ ಹೇಳಿದಳು. ಅವಳು ಲಿಫ್ಟ್ ರಿಪೇರಿ ಕಂಪನಿಯ ಎಂಜಿನಿಯರು. ಒಂದು ವರ್ಷದ ಹಿಂದೆ ಆರನೆಯ ಏಳನೆಯ ಮಹಡಿಗಳ ನಡುವೆ, ಪಂಜರದಲ್ಲಿದ್ದ ಮೊಲವೊಂದರ ಜೊತೆ ಸಿಕ್ಕಿಹಾಕಿಕೊಂಡಿದ್ದ ಒಬ್ಬ ಪಶುವೈದ್ಯನನ್ನು ಎಳೆದು ಹೊರಗೆ ತಂದಿದ್ದಳು. ಮೊಲ ಅದರ ಮನೆಗೆ ಹೋಯಿತು. ಹುಡುಗ ಮಾತ್ರ ಇವಳ ಹಿಂದೆಯೇ ಉಳಿದ. ಈಗ ಇಬ್ಬರೂ ಮದುವೆಯಾಗುವುದೆಂದು ತೀರ್ಮಾನಿಸಿದ್ದರು.

"ಭಾನುವಾರ ಮಧ್ಯಾಹ್ನ ಅವನು ಅವರಪ್ಪನ್ನ ಕರಕೊಂಡು ಊಟಕ್ಕೆ ಬರ್ತಾನೆ. ತಾಯಿ ಇಲ್ಲ. ಅಪ್ಪನೇ ಸಾಕಿದ್ದು. ಅವರು 'ಮೊದಲು ಮನೆ ನೋಡ್ತೀನಿ, ಆಮೇಲೆ ಮಾತು' ಅಂದಿದ್ದಾರೆ. ಅಪ್ಪಾ, ಅವರು ಒಪ್ಪದಿದ್ದರೆ ಇವನು ಮುಂದೆ ಹೆಜ್ಜೆ ಇಡಲ್ಲ."

"ಏನು ಕೆಲಸದಲ್ಲಿದ್ದಾರೆ?"

"ಮೂವತ್ತು ವರ್ಷ ಹಡಗಿನಲ್ಲಿ ಅಡುಗೆಯವರು. ದೊಡ್ಡ ಅಡುಗೆಯವರು. ಇಟಲಿ ಬಂದರುಗಳಲ್ಲೇ ಅರ್ಧ ಆಯುಸ್ಸು ಕಳೆದಿದ್ದಾರೆ."

ನನ್ನವಳು ಚಪ್ಪಾಳೆ ತಟ್ಟಿ, ಹಾಗಾದರೆ ಅಜ್ಜಿಯ ನಾಲ್ಕೂ ಅಡುಗೆ ಮಾಡುತ್ತೇನೆ ಎಂದಳು. ನಾನು ಎದ್ದು ನಿಂತೆ. ಕುಟುಂಬದ ಮಾನ ನನ್ನ ಹೆಗಲೇರಿ ಕೂತ ಹಾಗಾಯಿತು. ಮಗಳು ನನ್ನ ಮುಖ ನೋಡಿ ಗಾಬರಿಯಾದಳು.

"ಅಪ್ಪಾ, ಬೇಡ."

"ನಾನೇನೂ ಅಂದಿಲ್ಲವಲ್ಲ!"

"ಎದ್ದು ನಿಂತೆಯಲ್ಲ, ಅದೇ. ಅವರಿಗೆ ಬಡಾಯಿ ಆಗೋದಿಲ್ಲ. ಸುಮ್ಮನೆ ಕೂತು ಊಟ ಮಾಡು. ಮಾತು ಕೊಡು."

ಮಾತು ಕೊಟ್ಟೆ. ಬಡಾಯಿ ಕೊಚ್ಚುವುದಿಲ್ಲ ಎಂದು ಕೊಟ್ಟೆ. ವೈನ್ ತರುವುದಿಲ್ಲ ಎಂದು ಕೊಟ್ಟಿರಲಿಲ್ಲ.

ವೈನ್ ಅಂಗಡಿಯವನು ಸಭ್ಯ ಮನುಷ್ಯ. ನನ್ನ ಬೇಡಿಕೆಯನ್ನು ಕಾಲು ಗಂಟೆ ಕೇಳಿಸಿಕೊಂಡು, ನಡುವೆ ಮೂರು ಗಿರಾಕಿಗಳನ್ನು ಸಾಗಹಾಕಿ, ಕೊನೆಗೆ "ಸಾರ್, ಮನೆ ಊಟಕ್ಕೆ ಒಂದೇ ಬಾಟಲಿ ಸಾಕಲ್ಲವೇ?" ಎಂದ. ನಾನು ಕನಿಕರದಿಂದ ನಕ್ಕೆ. ನಾಲ್ಕು ಬಾಟಲಿ ತಂದು ವೇಳಾಪಟ್ಟಿ ತಯಾರಿಸಿದೆ. ಕಚೇರಿಯ ಉದ್ದ ಕಾಗದ, ಎರಡು ಬಣ್ಣದ ಶಾಯಿ. ಹನ್ನೆರಡೂ ನಲವತ್ತೈದಕ್ಕೆ ಸೂಪು, ಜೊತೆಗೆ ಎಳೆಯ ಕೆಂಪು. ಒಂದೂ ಹತ್ತಕ್ಕೆ ಪಾಸ್ತಾ, ತೆಳ್ಳನೆಯ ಬಿಳಿ. ಒಂದೂ ಮೂವತ್ತೈದಕ್ಕೆ ರಿಸೊಟ್ಟೊ, ಹಳೆಯ ಕೆಂಪು. ಎರಡೂ ಐದಕ್ಕೆ ಕೋಳಿ, ಮೈತುಂಬಿದ ಬಿಳಿ. ನಡುನಡುವೆ ಲೋಟ ತೊಳೆಯಲು ನಾಲ್ಕು ನಿಮಿಷದ ನಿಲುಗಡೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡುತ್ತೇನೆ, ನನ್ನ ವೇಳಾಪಟ್ಟಿ ಕತ್ತರಿಸುವ ಮಣೆಯ ಪಕ್ಕದಲ್ಲಿ ಬೆಳ್ಳುಳ್ಳಿ ಸಿಪ್ಪೆ ಹೊತ್ತು ಮಲಗಿದೆ.

"ಏನೇ ಇದು?"

"ಒಳ್ಳೆ ದಪ್ಪ ಕಾಗದ ರೀ. ಇನ್ನೊಂದಿದ್ದರೆ ಕೊಡಿ."

ಇರಲಿ. ನಿಜವಾದ ಅನಾಹುತ ಶುರುವಾದದ್ದು ಶನಿವಾರ ಸಂಜೆ. ಬಿಳಿ ವೈನ್ ತಣ್ಣಗಿರಬೇಕು. ಎಷ್ಟು ಹೊತ್ತು ಐಸಿನಲ್ಲಿಟ್ಟರೆ ಎಷ್ಟು ತಣ್ಣಗಾಗುತ್ತದೆ ಎಂದು ತಾಲೀಮು ನಡೆಸೋಣವೆಂದರೆ, ಬಾಟಲಿ ಮುಳುಗುವಷ್ಟು ದೊಡ್ಡ ಬೋಗುಣಿ ಮನೆಯಲ್ಲಿ ಒಂದೇ. ಅದರಲ್ಲಿ ಇವಳು ಬೀನ್ಸ್ ಕಾಳು ನೆನೆಹಾಕಿದ್ದಳು. ಕಾಳನ್ನು ಜರಡಿಗೆ ಬಗ್ಗಿಸಿಟ್ಟು ತಾಲೀಮು ಮುಗಿಸಿದೆ. ಫಲಿತಾಂಶ ಇಪ್ಪತ್ತೆರಡು ನಿಮಿಷ. ಆ ಸಂತೋಷದಲ್ಲಿ ಕಾಳನ್ನು ವಾಪಸು ನೀರಿಗೆ ಹಾಕುವುದು ಮರೆತೆ. ಯಾರು ಬೇಕಾದರೂ ಮರೆಯಬಹುದು.

ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಟಣ್ ಟಣ್ ಎಂದು ಸದ್ದು ಬಂತು. ಇವಳು ಜರಡಿ ಅಲ್ಲಾಡಿಸುತ್ತಿದ್ದಳು. ಕಾಳು ಅಂಗಿಯ ಗುಂಡಿಯ ಹಾಗೆ ಕುಣಿಯುತ್ತಿತ್ತು.

"ಯಾರು ಮಾಡಿದ ಕೆಲಸ ಇದು?"

ಮನೆಯಲ್ಲಿ ಇದ್ದವರು ಮೂವರು. ಒಬ್ಬರಿಗೆ ಎಪ್ಪತ್ತೊಂಬತ್ತು ವರ್ಷ. ಪತ್ತೇದಾರಿಕೆಗೆ ಹೆಚ್ಚು ಸಮಯ ಹಿಡಿಯಲಿಲ್ಲ.

"ಸೂಪು ಮೊದಲು ಬರಬೇಕಿತ್ತು ರೀ! ಇನ್ನು ಇದನ್ನ ಬಿಸಿನೀರಲ್ಲಿ ನೆನೆಸಿ, ಬೇಯಿಸಿ... ಕೊನೆಗೆ ಬರುತ್ತೆ ಅಷ್ಟೇ. ಪಾಸ್ತಾ ಮೊದಲು."

"ಅದು ಹ್ಯಾಗಾಗುತ್ತೆ? ಮೊದಲ ಲೋಟ ಎಳೆಯ ಕೆಂಪು! ಬೆಳ್ಳುಳ್ಳಿಗೆ ಕೆಂಪು ಕೊಟ್ಟರೆ..."

"ಕೊಟ್ಟರೆ ಏನಾಗುತ್ತೆ? ಪೊಲೀಸರು ಬರ್ತಾರಾ?"

ಬೋಗುಣಿಯನ್ನು ಕಿತ್ತುಕೊಂಡಳು. ಫ್ರಿಜ್ಜಿನಲ್ಲಿ ಕೋಳಿ ಕೈಕಾಲು ಚಾಚಿ ಮಲಗಿತ್ತು, ಬಾಟಲಿಗೆ ಜಾಗವಿಲ್ಲ. ಬೇರೆ ದಾರಿ ಕಾಣದೆ ತೆಳ್ಳನೆಯ ಬಿಳಿಯನ್ನು ಮೇಲಿನ ಐಸ್ ಖಾನೆಗೆ ಹಾಕಿದೆ. ಇಪ್ಪತ್ತೆರಡು ನಿಮಿಷಕ್ಕೆ ತೆಗೆಯಬೇಕೆಂದು ಗಡಿಯಾರವನ್ನೂ ನೋಡಿಕೊಂಡೆ. ಆದರೆ ಅಷ್ಟರಲ್ಲಿ ಹಳೆಯ ಕೆಂಪು ನನ್ನನ್ನು ಕರೆಯಿತು. ಅದು ಉಸಿರಾಡಬೇಕು. ಬಾಟಲಿಯಿಂದ ಅಗಲ ಬಾಯಿಯ ಗಾಜಿನ ಪಾತ್ರೆಗೆ ಸುರಿದು ಎರಡು ಗಂಟೆ ಗಾಳಿಗೆ ಬಿಡಬೇಕು ಎಂದು ಗ್ರಂಥ ಹೇಳುತ್ತದೆ.

"ಉಸಿರಾಡಬೇಕಂತೆ! ಬೆಳಿಗ್ಗೆಯಿಂದ ನನಗೆ ಉಸಿರಾಡೋಕೆ ಪುರಸೊತ್ತಿಲ್ಲ, ಇವರ ಬಾಟಲಿಗೆ ಗಾಳಿ ಹಾಕಬೇಕಂತೆ" ಎಂದು ಇವಳು ಅಣಬೆ ಹೆಚ್ಚುತ್ತ ಗೋಡೆಗೆ ಹೇಳಿದಳು. (ಸಿಟ್ಟು ಹೆಚ್ಚಾದಾಗ ನನ್ನ ಬದಲು ಗೋಡೆಯ ಜೊತೆ ಮಾತಾಡುತ್ತಾಳೆ. ಗೋಡೆ ಯಾವಾಗಲೂ ಅವಳ ಪಕ್ಷ.)

ಅಗಲ ಬಾಯಿಯ ಗಾಜಿನ ಪಾತ್ರೆಯೆಂದರೆ ಅತ್ತೆಯವರ ಹೂದಾನಿ. ಅದು ಖಾಲಿ ಇತ್ತು. ಸೋಪು ಹಾಕಿ ಮೂರು ಸಲ ತೊಳೆದು, ಹಳೆಯ ಕೆಂಪನ್ನು ಸುರಿದು ಊಟದ ಮೇಜಿನ ನಡುವೆ ಇಟ್ಟೆ. ಬಿಸಿಲು ಅದರೊಳಗೆ ಹಾಯ್ದು ಮೇಜಿನ ಬಟ್ಟೆಯ ಮೇಲೆ ಕೆಂಪು ಬೆಳಕು ಚೆಲ್ಲಿತು. ಎರಡು ನಿಮಿಷ ಹಾಗೇ ನಿಂತು ನೋಡಿದೆ. ಆ ಇಡೀ ದಿನದಲ್ಲಿ ನನಗೆ ಸಿಕ್ಕ ಸುಖ ಆ ಎರಡು ನಿಮಿಷ.

ಇನ್ನು ಎಳೆಯ ಕೆಂಪು. ಅದರ ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದರ್ಧ ಒಳಗೆ ಬಿದ್ದು ಪುಡಿಪುಡಿಯಾಯಿತು. ಟೀ ಸೋಸುವ ಜರಡಿ ಹಿಡಿದು ಸೋಸುತ್ತಿರುವಾಗ ಒಲೆಯ ಕಡೆಯಿಂದ ಚುಂಯ್ ಎಂಬ ಶಬ್ದ, ಜೊತೆಗೆ ಹಿತವಾದ ಒಂದು ಪರಿಮಳ. ತಿರುಗಿ ನೋಡಿದೆ. ರಿಸೊಟ್ಟೊದ ಅಕ್ಕಿಯ ಮೇಲೆ ಇವಳು ಬಾಟಲಿ ಬಗ್ಗಿಸುತ್ತಿದ್ದಳು. ಮೈತುಂಬಿದ ಬಿಳಿ! ಕೋಳಿಯ ಜೊತೆಗಾರ!

"ಅಯ್ಯೋ! ಅದು ಎರಡೂ ಐದರದ್ದು!"

"ಅಕ್ಕಿಗೆ ಒಂದು ಲೋಟ ಬಿಳಿ ವೈನ್ ಹಾಕಲೇಬೇಕು ಅಂತ ಅಜ್ಜಿ ಹೇಳಿದ್ದರು."

"ಒಂದು ಲೋಟ ತಾನೇ? ಬಾಟಲಿ ಖಾಲಿ ಆಗಿದೆಯಲ್ಲೇ!"

"ನೀವು ಕಿರುಚಿದಿರಿ, ನನ್ನ ಕೈ ಹಾರಿತು."

ಕೂಗಾಡುವ ಹೊತ್ತಿಗೆ ನನಗೆ ಐಸ್ ಖಾನೆ ನೆನಪಾಯಿತು. ಬಾಟಲಿ ಒಳಗಿಟ್ಟು ಮೂರು ಗಂಟೆ ಹತ್ತು ನಿಮಿಷ ಆಗಿತ್ತು. ತೆಗೆದರೆ ಬಿರಡೆ ಹಾರಿ ಮೂಲೆ ಸೇರಿದೆ, ಹೆಪ್ಪುಗಟ್ಟಿದ ವೈನ್ ಬಾಟಲಿಯ ಕತ್ತಿನಿಂದ ಕೋಡಿನ ಹಾಗೆ ಹೊರಗೆ ಬಂದು ಬಟಾಣಿ ಪೊಟ್ಟಣವನ್ನು ಅಪ್ಪಿಕೊಂಡಿದೆ. ರಸಭಂಗ ಎನ್ನುವ ಮಾತನ್ನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅವತ್ತೇ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಹನ್ನೆರಡೂವರೆ. ಒಂದು ನಿಮಿಷ ಆಚೀಚೆ ಇಲ್ಲ. ಇಂಥ ಬೀಗರು ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡು ಬಾಗಿಲು ತೆಗೆದೆ.

ಮಗಳು, ಅವಳ ಹಿಂದೆ ಹುಡುಗ, ಅವನ ಹಿಂದೆ ಬಾಗಿಲು ತುಂಬುವಷ್ಟು ಅಗಲದ ಒಬ್ಬ ಮನುಷ್ಯ. ಮುಂಗೈಗಳು ತೊಲೆಯ ಹಾಗೆ. ಮಾತು ಕಡಿಮೆ. ಒಳಗೆ ಬಂದವರೇ ಮೂಗೆತ್ತಿ ಒಂದು ಸಲ ಗಾಳಿ ಎಳೆದುಕೊಂಡು, "ರೋಸ್‌ಮೇರಿ ಸೊಪ್ಪು. ತಾಜಾ" ಎಂದರು. ಮಗಳ ಮುಖದಲ್ಲಿ ಜೀವ ಬಂತು. ಅತ್ತೆಯವರಿಗೆ ಕೈಮುಗಿದರು. ಎಲ್ಲರೂ ಊಟದ ಮೇಜಿಗೆ ಬಂದು ಕೂತೆವು. ನಾನು ಹೂದಾನಿಯ ಕಡೆ ಕೈ ಚಾಚಿ, "ಇದು ಹನ್ನೆರಡು ವರ್ಷ ಮಾಗಿದ..." ಎಂದವನು ಅಲ್ಲಿಗೇ ನಿಂತೆ.

ಹಳೆಯ ಕೆಂಪಿನೊಳಗೆ ಏಳು ಬಿಳಿ ಹೂವು ನಿಂತಿದ್ದವು.

"ಬಣ್ಣದ ನೀರು ಹಾಕಿ ಇಟ್ಟಿದ್ದಿರಲ್ಲ ಅಳಿಯಂದಿರೇ, ಚೆನ್ನಾಗಿ ಕಾಣಿಸ್ತು. ಹೂವಿಲ್ಲದೆ ಬಿಕೋ ಅಂತಿತ್ತು, ಕುಂಡದಿಂದ ಕಿತ್ತು ತಂದೆ" ಎಂದರು ಅತ್ತೆ.

ಹಡಗಿನವರು ಹೂವನ್ನು ನೋಡಿದರು. ಎರಡು ದಳದ ಅಂಚು ಆಗಲೇ ಗುಲಾಬಿಗೆ ತಿರುಗುತ್ತಿತ್ತು. "ನಿಮ್ಮ ಮನೇಲಿ ಹೂವಿಗೂ ಕೊಡ್ತೀರಾ?" ಎಂದರು. ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಹುಡುಗ ನೆಲ ನೋಡಿದ. ಮಗಳು ಮೇಜಿನ ಕೆಳಗಿಂದ ನನ್ನ ಪಾದ ತುಳಿದಳು.

ಪಾಸ್ತಾ ಬಂತು. ಹೆಪ್ಪುಗಟ್ಟಿದ ಬಿಳಿಯನ್ನು ಚಾಕುವಿನಿಂದ ಕೆತ್ತಿ, ಮಂಜಿನ ಚೂರುಗಳ ಸಮೇತ ಲೋಟಕ್ಕೆ ಬಗ್ಗಿಸಿ, ಬಾಗಿ ಅವರ ಮುಂದೆ ಇಡಲು ಹೋದೆ. ಅವರು ಅಗಲವಾದ ಅಂಗೈಯನ್ನು ಅಡ್ಡ ಇಟ್ಟರು.

"ನಾನು ಕುಡಿಯೋದಿಲ್ಲ."

"ಆಂ?"

"ಯಾವತ್ತೂ ಇಲ್ಲ. ಅಡುಗೆಯವನು ತೂಗಾಡಿದರೆ ಇಡೀ ಹಡಗೇ ತೂಗಾಡುತ್ತೆ."

ಹುಡುಗನ ಕಡೆ ತಿರುಗಿದೆ. ಅವನು ಕಾರು ಓಡಿಸಬೇಕಂತೆ. ಮಗಳಿಗೆ ಸಂಜೆ ತುರ್ತು ಸೇವೆಯ ಸರದಿ, ಎಲ್ಲಿ ಲಿಫ್ಟ್ ನಿಂತರೂ ಓಡಬೇಕು. ನನ್ನವಳು "ಒಲೆ ಮುಂದೆ ನಿಂತವಳಿಗೆ ಯಾತಕ್ಕೆ?" ಎಂದು ಒಳಗೆ ಹೋದಳು. ಹನ್ನೊಂದು ದಿನದ ಅಧ್ಯಯನ, ನಾಲ್ಕು ಬಾಟಲಿ, ಕುಡಿಯುವವರು ಯಾರೂ ಇಲ್ಲ! ಅತ್ತೆಯವರು ಮಾತ್ರ ಲೋಟ ಮುಂದಕ್ಕೆ ತಳ್ಳಿದರು. "ನನಗೊಂದು ಗುಟುಕು ಹಾಕಿ, ಮಂಡಿಗೆ ಒಳ್ಳೇದು."

ಎರಡು ಗುಟುಕು ಕುಡಿದು, ಪಾಸ್ತಾ ಬಾಯಿಗಿಟ್ಟು, "ಇದು ಸರಿಯಾಗಿದೆ. ಬೆಳ್ಳುಳ್ಳಿ ಬಾಯಿ ಬಿಟ್ಟು ಹೋಗುತ್ತೆ" ಎಂದರು.

"ಅಮ್ಮಾ, ನಿಮ್ಮ ನಾಲಿಗೆ ಚುರುಕಾಗಿದೆ" ಎಂದರು ಹಡಗಿನವರು.

ನನ್ನ ಹೊಟ್ಟೆ ಉರಿಯಿತು. ಪುಸ್ತಕ ಓದಿದ್ದು ನಾನು, ಹೊಗಳಿಕೆ ಇವರಿಗೆ! ವಿಷಯವನ್ನು ಸಭೆಗೆ ಸರಿಯಾಗಿ ವಿವರಿಸಬೇಕಾಯಿತು. ವಿವರಿಸಬೇಕಾದರೆ ಕುಡಿದು ತೋರಿಸಬೇಕು. ಪಾಸ್ತಾದ ಜೊತೆ ಒಂದು ಲೋಟ ವಿವರಿಸಿದೆ. ರಿಸೊಟ್ಟೊದ ಜೊತೆ ಹೂವಿನ ಕೆಂಪನ್ನು (ಹೂ ಪಕ್ಕಕ್ಕಿಟ್ಟು) ಎರಡು ಲೋಟ ವಿವರಿಸಿದೆ. ಅದರಲ್ಲಿ ಸ್ವಲ್ಪ ದಂಟಿನ ರುಚಿ ಇತ್ತು, ಗ್ರಂಥದಲ್ಲಿ ಅದನ್ನು 'ತೋಟದ ನೆನಪು' ಎನ್ನುತ್ತಾರೆ. ಕೋಳಿಯ ಹೊತ್ತಿಗೆ ಉಳಿದಿದ್ದದ್ದು ಟೀ ಜರಡಿಯ ಎಳೆಯ ಕೆಂಪು. "ಕೋಳಿಗೆ ಇದು ಸರಿಹೊಂದೋದಿಲ್ಲ, ಕ್ಷಮಿಸಬೇಕು" ಎಂದೆ. ಹಡಗಿನವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. "ಯಾಕೆ ಹೊಂದಲ್ಲ? ಹುಳಿ ಇದೆ. ನಿಂಬೆ ಇದೆ. ನಡೆಯುತ್ತೆ." ಹನ್ನೊಂದು ದಿನದ ವಿದ್ಯೆಯನ್ನು ಕುಡಿಯದ ಮನುಷ್ಯ ಒಂದು ಉಸಿರಿನಲ್ಲಿ ತಿದ್ದಿಬಿಟ್ಟರು. ನಡೆಯುತ್ತದೋ ಇಲ್ಲವೋ ನೋಡಲು ಇನ್ನೆರಡು ಲೋಟ ವಿವರಿಸಬೇಕಾಯಿತು.

ಅಷ್ಟರಲ್ಲಿ ಮೇಜು ಹಡಗಾಗಿತ್ತು. ಹಿತವಾಗಿ ತೇಲುತ್ತಿತ್ತು. ಇವಳು ಕಾಳು ಬೆಂದಿದೆಯೋ ನೋಡಲು ಒಳಗಿದ್ದಳು. ಹಡಗಿನವರು ಕೋಳಿಯ ಮೂಳೆಯನ್ನು ತಟ್ಟೆಯ ಅಂಚಿಗೆ ಇಟ್ಟು, ಮೊದಲ ಸಲ ಉದ್ದ ಮಾತಾಡಿದರು.

"ಮೂವತ್ತು ವರ್ಷ ಬೇರೆಯವರಿಗೆ ಬೇಯಿಸಿ ಹಾಕಿದೀನಿ. ನನಗೆ ಇಷ್ಟು ಚೆನ್ನಾಗಿ ಯಾರೂ ಬೇಯಿಸಿ ಹಾಕಿರಲಿಲ್ಲ. ಎಲ್ಲೂ ಏನೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾರ ಕೈಯಡುಗೆ ಇದು?"

ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದದ್ದು ನಾನು ಆಡಿದ ಮಾತಲ್ಲ, ಹಳೆಯ ಕೆಂಪು ಆಡಿದ್ದು. ಇದನ್ನು ನೀವು ನಂಬಬೇಕು.

"ನನ್ನದೇ" ಎಂದೆ. "ವೈನೂ ನಾನೇ, ಅಡುಗೆಯೂ ನಾನೇ. ಅವಳು ಪಾಪ, ಈರುಳ್ಳಿಗಿರುಳ್ಳಿ ಹೆಚ್ಚಿಕೊಟ್ಟಳು."

ಮಗಳು ಕಣ್ಣು ಮುಚ್ಚಿಕೊಂಡಳು. ಅತ್ತೆಯವರು "ಅಳಿಯಂದಿರೇ..." ಎಂದು ಬಾಯಿ ತೆರೆದು, ಏನು ನೆನಪಾಯಿತೋ, ಆ ಬಾಯಿಗೆ ವೈನ್ ಹಾಕಿಕೊಂಡರು. ಹಡಗಿನವರು ನನ್ನ ಎರಡೂ ಕೈಗಳನ್ನು ಬಹಳ ಹೊತ್ತು ನೋಡಿದರು.

"ಹೌದಾ? ಬಹಳ ಸಂತೋಷ. ಕೈ ತೊಳೆದು ಬರ್ತೀನಿ" ಎಂದು ಎದ್ದು ಅಡುಗೆಮನೆಗೆ ಹೋದರು.

ಹತ್ತು ನಿಮಿಷವಾದರೂ ಬರಲಿಲ್ಲ. ಒಳಗಿಂದ ಗುಸುಗುಸು ಮಾತು. ಆಮೇಲೆ ಇವಳ ನಗು. ಅದರ ಮೇಲೆ ಅವರ ನಗು, ಬಂದರಿನಲ್ಲಿ ಹಡಗು ಕೂಗಿದ ಹಾಗೆ. ಮದುವೆ ಮಾತುಕತೆ ನಡೆಯುತ್ತಿದೆ, ನನ್ನ ಮಾತು ಕೆಲಸ ಮಾಡಿದೆ ಎಂದು ಹೆಮ್ಮೆಯಿಂದ ಮಗಳ ಕಡೆ ನೋಡಿದೆ. ಅವಳು ಹಲ್ಲು ಕಚ್ಚಿ, "ಅಪ್ಪಾ, ಮಾತು ಕೊಟ್ಟಿದ್ದೆ ನೀನು" ಎಂದಳು. ಕಣ್ಣಲ್ಲಿ ನೀರಿತ್ತು. ಅಮಲು ಇಳಿಯತೊಡಗಿತು. ಈ ಸಂಬಂಧ ಮುರಿದರೆ ಅವಳು ನನ್ನ ಮುಖ ನೋಡುವುದಿಲ್ಲ ಎನ್ನುವುದು ಆಗ ನನಗೆ ನಿಜವಾಗಿ ಹೊಳೆಯಿತು. ಎದ್ದು ಹೋಗಿ ತಪ್ಪೊಪ್ಪಿಕೊಳ್ಳೋಣವೆಂದರೆ ಕಾಲುಗಳು ಮೇಜಿನ ಕೆಳಗೆ ಎಲ್ಲೋ ಇದ್ದವು.

ಸೂಪು ಬಂತು. ಇವಳು ಒಂದು ಕಡೆ, ಹಡಗಿನವರು ಒಂದು ಕಡೆ ಪಾತ್ರೆ ಹಿಡಿದು ತಂದರು. ಬಡಿಸಿ ಆದ ಮೇಲೆ ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. ಕುರ್ಚಿ ಕಿರುಗುಟ್ಟಿತು.

"ಬೀಗರೇ, ನನಗೆ ಒಪ್ಪಿಗೆ."

ಬೀಗರೇ! ಮಗಳು ತಲೆ ಎತ್ತಿದಳು. ಹುಡುಗನಿಗೆ ಸೂಪು ನೆತ್ತಿಗೇರಿತು.

"ಒಂದೇ ಒಂದು ಆಸೆ" ಎಂದರು. "ನಿಶ್ಚಿತಾರ್ಥಕ್ಕೆ ಅರವತ್ತು ಜನ ಆಗ್ತಾರೆ. ಹೊರಗಿನ ಅಡುಗೆಯವರು ಬೇಡ. ಇಬ್ಬರು ತಂದೆಯರೂ ಸೇರಿ ಇದೇ ನಾಲ್ಕು ಅಡುಗೆ ಮಾಡಿ ಬಡಿಸಬೇಕು. ನಿಮ್ಮಂಥ ಕೈ ಜೊತೆಗಿದ್ದರೆ ನನಗೆ ಇನ್ನೇನು ಬೇಕು?"

ನಾನು ಇವಳ ಮುಖ ನೋಡಿದೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಹೆಂಗಸು, ಒಂದು ಮಾತು ಹೇಳಿ ನನ್ನನ್ನು ಪಾರು ಮಾಡಬಹುದಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಳು:

"ಅಯ್ಯೋ, ಅದಕ್ಕೇನಂತೆ ಅಣ್ಣಾ. ಇವರಿಗೆ ಅಡುಗೆ ಅಂದರೆ ಪ್ರಾಣ. ನನ್ನನ್ನ ಒಲೆ ಹತ್ತಿರವೇ ಬಿಡೋದಿಲ್ಲ."

ಮೂರು ವಾರ ಕಳೆದು ನಿಶ್ಚಿತಾರ್ಥದ ದಿನ ಬಂತು. ಬೆಳಿಗ್ಗೆ ಆರು ಗಂಟೆಗೆ ಬಾಡಿಗೆ ಸಭಾಂಗಣದ ಹಿಂದಿನ ಅಡುಗೆಕೋಣೆಗೆ ಹೋದೆ. ಬೀಗರು ಆಗಲೇ ಬಂದಿದ್ದರು. ನನಗಾಗಿ ಒಂದು ಏಪ್ರನ್ ಹೊಲಿಸಿ ತಂದಿದ್ದರು, ಮೊಣಕಾಲಿನವರೆಗೆ ಬರುವಂಥದು. ಅವರ ಮುಂದೆ ಇನ್ನು ನಾಟಕ ನಡೆಯದು ಎಂದು, ಕಟ್ಟಿಕೊಳ್ಳುವ ಮೊದಲೇ ಹೇಳಿಬಿಟ್ಟೆ.

"ಬೀಗರೇ, ಒಂದು ವಿಷಯ. ಅವತ್ತು ನಾನು..."

"ಗೊತ್ತು" ಎಂದರು, ಚಾಕು ಮಸೆಯುತ್ತ.

"ಯಾವಾಗ ಗೊತ್ತಾಯಿತು?"

"ಆವಾಗಲೇ. ಅಡುಗೆಯವನ ಕೈಯಲ್ಲಿ ಒಂದಾದರೂ ಸುಟ್ಟ ಗುರುತು ಇರುತ್ತೆ. ನಿಮ್ಮ ಕೈ ಬ್ಯಾಂಕಿನ ಕೌಂಟರಿನ ಹಾಗಿತ್ತು. ತಂಗಿಯ ಕೈಯಲ್ಲಿ ಆರು ಗುರುತು ಎಣಿಸಿದೆ."

"ಮತ್ತೆ... ಬಡಾಯಿ ನಿಮಗೆ ಆಗೋದಿಲ್ಲ ಅಂತ ಮಗಳು ಹೇಳಿದ್ದಳು. ಆದರೂ ಒಪ್ಪಿಗೆ ಯಾಕೆ ಕೊಟ್ಟಿರಿ?"

"ಕೊಡಬಾರದು ಅಂತಲೇ ಅಡುಗೆಮನೆಗೆ ಹೋದೆ. 'ನಿಮ್ಮ ಯಜಮಾನರು ಹೀಗಂದರು' ಅಂತ ತಂಗಿಗೆ ಹೇಳಿದೆ. ಕೋಪ ಮಾಡಿಕೊಳ್ತಾರೆ ಅಂದುಕೊಂಡರೆ, ಸೌಟು ಕೆಳಗಿಟ್ಟು ನಕ್ಕುಬಿಟ್ಟರು. 'ಅಣ್ಣಾ, ಅವರನ್ನ ಬಯ್ಯಬೇಡಿ, ಅಡುಗೆ ಮಾಡಿಸಿ' ಅಂದರು. ಇಂಥ ತಾಯಿ ಬೆಳೆಸಿದ ಹುಡುಗಿ ನಮ್ಮ ಮನೆಗೆ ಬೇಕು ಅನ್ನಿಸಿತು. ನಿಮ್ಮನ್ನ ಹ್ಯಾಗೋ ಸಹಿಸಿಕೊಳ್ಳೋಣ ಅಂತ."

"ಹಾಗಾದರೆ ಈಗ ನಾನು ವೈನ್ ಕಡೆ ನೋಡಿಕೊಳ್ಳಲೇ?" ಎಂದೆ, ಆಸೆಯಿಂದ.

"ಅದನ್ನ ನಿಮ್ಮ ಅತ್ತೆಯವರಿಗೆ ವಹಿಸಿದೀನಿ. ಒಂದೇ ಕೆಂಪು, ಒಂದೇ ಬಿಳಿ. ಆರಿಸಿ ಆಯಿತು."

ನನ್ನ ಮುಂದೆ ಒಂದು ಚೀಲ ಈರುಳ್ಳಿ ಇಟ್ಟು, ಹಿತ್ತಲ ಬಾಗಿಲ ಪಕ್ಕದ ಸ್ಟೂಲು ತೋರಿಸಿದರು. ಅರವತ್ತು ಜನರ ಸೂಪು, ಅರವತ್ತು ಜನರ ರಿಸೊಟ್ಟೊ. ಎರಡಕ್ಕೂ ಮೊದಲು ಬೀಳುವುದು ಈರುಳ್ಳಿ. ಸಣ್ಣಗೆ, ಎಲ್ಲ ಒಂದೇ ಅಳತೆಯಲ್ಲಿ. ದಪ್ಪ ಬಿದ್ದದ್ದನ್ನು ಬೀಗರು ಮಾತಿಲ್ಲದೆ ವಾಪಸು ನನ್ನ ಮಣೆಗೆ ಹಾಕುತ್ತಿದ್ದರು. ಹತ್ತನೆಯ ಈರುಳ್ಳಿಗೆ ಕಣ್ಣು ಒದ್ದೆಯಾಯಿತು. ಮೂವತ್ತಕ್ಕೆ ಧಾರಾಕಾರ. ಐವತ್ತಾಗುವ ಹೊತ್ತಿಗೆ ಮೂಗೂ ಸೇರಿಕೊಂಡು, ನಾನು ಬಿಕ್ಕುತ್ತಿದ್ದೆ.

ಅತಿಥಿಗಳು ಕಾರು ನಿಲ್ಲಿಸಿ ಹಿತ್ತಲ ಕಡೆಯಿಂದಲೇ ಬರುತ್ತಿದ್ದರು. ಮೊದಲು ಕಂಡದ್ದು ನನ್ನವಳ ಅಕ್ಕ. ಬಾಗಿಲಲ್ಲೇ ನಿಂತರು.

"ಅಯ್ಯೋ, ಮಗಳನ್ನ ಕಳಿಸಿಕೊಡಬೇಕಲ್ಲ ಅಂತ ಒಬ್ಬರೇ ಕೂತು ಅಳ್ತಾ ಇದಾರೆ ನೋಡಿ! ಕೈ ಸುಮ್ಮನಿರಲಿ ಅಂತ ಈರುಳ್ಳಿ ಹಿಡ್ಕೊಂಡಿದಾರೆ!"

"ಅಲ್ಲ ಅಕ್ಕಾ, ಇದು ಈರು..." ಎನ್ನುವಷ್ಟರಲ್ಲಿ ಬಿಕ್ಕಳಿಕೆ ಬಂತು. ಅವರು ನನ್ನ ತಲೆ ಸವರಿದರು. ಆಮೇಲೆ ನನ್ನ ಕಚೇರಿಯವರು ಬಂದರು. ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಒಮ್ಮೆಯೂ ನಗಿಸದ ಮೇಲಧಿಕಾರಿ ನನ್ನ ಭುಜ ಹಿಡಿದು, "ಇಷ್ಟು ಮೃದು ಮನಸ್ಸಿನವರು ಅಂತ ಗೊತ್ತೇ ಇರಲಿಲ್ಲ ರೀ" ಎಂದು ತಾನೂ ಕಣ್ಣೊರೆಸಿಕೊಂಡ. ಹುಡುಗನ ಕಡೆಯ ಹೆಂಗಸರು ಸಾಲಾಗಿ ಬಂದು ಸಮಾಧಾನ ಹೇಳಿ ಹೋದರು. ಮಗಳು ಹೊಸ ಬಟ್ಟೆಯಲ್ಲಿ ಓಡಿ ಬಂದು, ಮೂರು ವಾರದ ಮುನಿಸು ಮರೆತು, "ಅಪ್ಪಾ, ನಾನೇನು ದೂರ ಹೋಗ್ತೀನಾ, ಎರಡು ಸ್ಟಾಪ್ ಅಷ್ಟೇ" ಎಂದು ಕುತ್ತಿಗೆಗೆ ಜೋತುಬಿದ್ದು ನಿಜವಾಗಿ ಅತ್ತಳು. ಆಗ ನಿಜ ಹೇಳುವ ಧೈರ್ಯ ಯಾವ ತಂದೆಗೆ ಬಂದೀತು? ಜೊತೆಗೆ, ಅಷ್ಟು ಹೊತ್ತಿಗೆ ಎಲ್ಲ ಕಣ್ಣೀರೂ ಈರುಳ್ಳಿಯದೇ ಎಂದು ನಾನು ಖಚಿತವಾಗಿ ಹೇಳುವ ಹಾಗಿರಲಿಲ್ಲ.

ಕೊನೆಗೆ ಇವಳು ಬಂದಳು. ರೇಷ್ಮೆಯ ಬಟ್ಟೆ, ಕೈಯಲ್ಲಿ ಅತ್ತೆಯವರು ಆರಿಸಿದ ಬಿಳಿ ವೈನಿನ ಲೋಟ. ಸುತ್ತ ನಿಂತವರೆಲ್ಲ, "ಸ್ವಲ್ಪ ಸಮಾಧಾನ ಮಾಡಮ್ಮ, ಪಾಪ, ಬಹಳ ನೊಂದಿದಾರೆ" ಎಂದರು. ಅವಳು ನನ್ನನ್ನು ನೋಡಿದಳು, ಚೀಲದೊಳಗೆ ಇಣುಕಿದಳು, ಒಂದು ಗುಟುಕು ಕುಡಿದಳು.

"ಅಳಲಿ ಬಿಡಿ" ಎಂದಳು ಅವರಿಗೆ, ಮೆತ್ತಗೆ. "ಅತ್ತರೆ ಮನಸ್ಸು ಹಗುರಾಗುತ್ತೆ. ಇನ್ನೂ ಅರ್ಧ ಚೀಲ ಇದೆ."